ಶ್ರೀಲಂಕಾ ಬೈಕ್ ಪ್ರವಾಸ ಮುಗಿಸಿ ಹಡಗಿನಲ್ಲಿ ವಾಪಸ್: ಬೆಂಗಳೂರು ಮುಟ್ಟುವ ತನಕ ಹಂತ ಹಂತವಾಗಿ

ಫೆಬ್ರವರಿ ಹತ್ತಿರ ಬಂತು ಅಂದರೆ ಬೈಕ್ ಗೆಳೆಯರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. "ನಾಗಪಟ್ಟಣಂ ಫೆರ್ರಿಗೆ ನಮ್ಮ ಬೈಕ್ ಹತ್ತಿಸಬಹುದಾ?" ಇದು ಒಂದು. "ವಾಪಸ್ ಬರುವಾಗ ಸಂಜೆ ಹಡಗು ಇಳಿದು, ರಾತ್ರಿಯೆಲ್ಲ ಓಡಿಸಿ, ಬೆಳಿಗ್ಗೆ ಬೆಂಗಳೂರಲ್ಲಿ ಆಫೀಸಿಗೆ ಹೋಗಬಹುದಾ?" ಇದು ಇನ್ನೊಂದು.

ಎರಡಕ್ಕೂ ಉತ್ತರ, ಆಗುವುದಿಲ್ಲ.

ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರಿನ ಲಾಂಚಿಗೆ ಬಸ್ಸು, ಜೀಪು, ಬೈಕು ಎಲ್ಲ ಹತ್ತಿಸಿದ್ದು ನಮ್ಮಲ್ಲಿ ತುಂಬ ಜನರಿಗೆ ನೆನಪಿದೆ. 2025ರಲ್ಲಿ ಸೇತುವೆ ತೆರೆಯುವವರೆಗೂ ಅದೇ ದಾರಿ. ಹಾಗಾಗಿ ಫೆರ್ರಿ ಅಂದ ಕೂಡಲೇ ಗಾಡಿಯೂ ಹೋಗುತ್ತದೆ ಅನ್ನಿಸುವುದು ಸಹಜ. ತಮಿಳುನಾಡಿನ ನಾಗಪಟ್ಟಣಂನಿಂದ ಶ್ರೀಲಂಕಾದ ಕಾಂಗೇಶನ್‌ತುರೈಗೆ ಹೋಗುವ ಫೆರ್ರಿ ಹಾಗಲ್ಲ. ಅದು ಜನರನ್ನು ಮಾತ್ರ ಕರೆದೊಯ್ಯುವ ಚಿಕ್ಕ ಹಡಗು. ಸ್ವಂತ ಬೈಕನ್ನೇ ಅಲ್ಲಿ ಓಡಿಸಬೇಕು ಅಂದರೆ ಅದನ್ನು ಕಂಟೇನರ್‌ನಲ್ಲಿ ಸರಕು ಹಡಗಿಗೆ ಹಾಕಬೇಕು. ಕಾರ್ನೆಟ್ ಎಂಬ ದಾಖಲೆಯೂ ಬೇಕು. ಕಾರ್ನೆಟ್ ಅಂದರೆ "ಈ ಗಾಡಿಯನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ವಾಪಸ್ ಒಯ್ಯುತ್ತೇವೆ" ಎಂದು ಕಸ್ಟಮ್ಸ್‌ನವರಿಗೆ ಕೊಡುವ ಭರವಸೆ ಪತ್ರ. ಹತ್ತು ದಿನದ ರಜೆಗೆ ಅಷ್ಟು ಖರ್ಚು, ಓಡಾಟ ಬೇಡ.

ಬೆಂಗಳೂರಿನ ತಂಡಗಳಿಗೆ ಸರಿಹೊಂದುವ ದಾರಿ ಹೀಗಿದೆ. ಸ್ವಂತ ಬೈಕಿನಲ್ಲಿ ನಾಗಪಟ್ಟಣಂವರೆಗೆ ಹೋಗಿ. ಬೈಕ್ ಅಲ್ಲೇ ಬಿಡಿ. ಫೆರ್ರಿ ಹತ್ತಿ, ಕಾಂಗೇಶನ್‌ತುರೈ ಹತ್ತಿರದ ಪೇಟೆ ಜಾಫ್ನಾದಲ್ಲಿ ಬಾಡಿಗೆ ಬೈಕ್ ತಗೊಂಡು ಸುತ್ತಾಡಿ. ಬಾಡಿಗೆ ಬೈಕ್ ಕೊಟ್ಟು ಮತ್ತೆ ಫೆರ್ರಿ ಹತ್ತಿ. ನಾಗಪಟ್ಟಣಂನಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ನಿಮ್ಮ ಬೈಕ್ ಹತ್ತಿ ಊರಿಗೆ ಬನ್ನಿ.

ಹೋಗುವಾಗ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಹತ್ತು ಸಲ ಪಟ್ಟಿ ನೋಡುತ್ತಾರೆ. ಎಡವಟ್ಟು ಆಗುವುದೆಲ್ಲ ವಾಪಸ್ ಬರುವಾಗ. ಮೈ ದಣಿದಿರುತ್ತದೆ, ರಜೆ ಮುಗಿದಿರುತ್ತದೆ, ಎಲ್ಲರಿಗೂ ಬೇಗ ಮನೆ ಸೇರುವ ಆತುರ. ಅದಕ್ಕೇ ಇಲ್ಲಿ ವಾಪಸ್ ಪ್ರಯಾಣವನ್ನೇ ಮುಖ್ಯವಾಗಿ ಹಿಡಿದಿದ್ದೇನೆ.

ಹಂತ 1: ಮೊದಲು ವಾಪಸ್ ದಿನ ಗೊತ್ತುಮಾಡಿ

ಈ ಫೆರ್ರಿ ವರ್ಷವಿಡೀ ಓಡುವುದಿಲ್ಲ. 2023ರ ಅಕ್ಟೋಬರ್ 14ರಂದು ಶುರುವಾಗಿ, ಹಿಂಗಾರು ಮಳೆಯಿಂದಾಗಿ ಕೆಲವೇ ದಿನದಲ್ಲಿ ನಿಂತಿತು. 2024ರ ಆಗಸ್ಟ್‌ನಲ್ಲಿ 'ಶಿವಗಂಗೈ' ಎಂಬ ಹಡಗಿನೊಂದಿಗೆ ಮತ್ತೆ ಶುರುವಾಯಿತು. ನವೆಂಬರ್‌ನಲ್ಲಿ ಹವಾಮಾನ ಕೆಟ್ಟು ನಿಂತು, 2025ರ ಫೆಬ್ರವರಿಯಲ್ಲಿ ಮತ್ತೆ ಹೊರಟಿತು. ಬೆಂಗಳೂರಲ್ಲಿ ದೀಪಾವಳಿ ಹೊತ್ತಿಗೆ ಸಣ್ಣಗೆ ಸುರಿಯುವ ಹಿಂಗಾರು ಆ ಕರಾವಳಿಯಲ್ಲಿ ಚಂಡಮಾರುತವಾಗಿ ಬರುತ್ತದೆ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ಅಪ್ಪಳಿಸಿದ್ದು ಇದೇ ನಾಗಪಟ್ಟಣಂ, ವೇದಾರಣ್ಯಂ ಕಡೆಗೆ. ಹಾಗಾಗಿ ಅಕ್ಟೋಬರ್‌ನಿಂದ ಜನವರಿವರೆಗೆ ಈ ದಾರಿಯನ್ನು ನಂಬಿ ಯೋಜನೆ ಹಾಕಬೇಡಿ.

ಸೀಸನ್‌ನಲ್ಲೂ ಗಾಳಿ ಜಾಸ್ತಿಯಾದರೆ ಆ ದಿನದ ಹಡಗು ರದ್ದಾಗುತ್ತದೆ. ವಾರದ ಎಲ್ಲ ದಿನವೂ ಓಡದಿರಬಹುದು, ವೇಳೆಯೂ ಬದಲಾಗುತ್ತದೆ. ಟಿಕೆಟ್ ಮಾಡಿಸುವಾಗ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಸಾಮಾನ್ಯವಾಗಿ ನಾಗಪಟ್ಟಣಂ ಬಿಡುವುದು ಬೆಳಿಗ್ಗೆ. ಆ ಕಡೆಯಿಂದ ಮಧ್ಯಾಹ್ನ ಹೊರಟರೆ ಇಲ್ಲಿಗೆ ಬಂದು ಸೇರುವಷ್ಟರಲ್ಲಿ ಸಂಜೆ. ಸುಮಾರು 110 ಕಿಲೋಮೀಟರ್ ಕಡಲು, ಹತ್ತಿರ ಹತ್ತಿರ ನಾಲ್ಕು ಗಂಟೆ.

ರಜೆ ಹಾಕುವಾಗ ಹೀಗೆ ಲೆಕ್ಕ ಹಾಕಿ. ಫೆರ್ರಿ ದಿನ ಒಂದು. ನಾಗಪಟ್ಟಣಂನಿಂದ ಬೆಂಗಳೂರಿಗೆ ಓಡಿಸುವ ದಿನ ಒಂದು. ಇವೆರಡರ ಮೇಲೆ ಇನ್ನೊಂದು ದಿನ ಖಾಲಿ ಇಡಿ. ಫೆರ್ರಿ ಸರಿಯಾಗಿ ಬಂದರೆ ಆ ದಿನ ಮನೆಯಲ್ಲಿ ಬಟ್ಟೆ ಒಗೆದುಕೊಳ್ಳಿ. ಬರದಿದ್ದರೆ ಆ ಒಂದು ದಿನವೇ ನಿಮ್ಮನ್ನು ಕಾಯುತ್ತದೆ.

ಹಡಗು ಎರಡು ದಿನ ಹೊರಡದಿದ್ದರೆ ಏನು ಮಾಡುವುದು ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ಕಾಂಗೇಶನ್‌ತುರೈ ಪಕ್ಕದ ಪಲಾಲಿಯಲ್ಲೇ ಜಾಫ್ನಾ ವಿಮಾನ ನಿಲ್ದಾಣ ಇದೆ. ಅಲ್ಲಿಂದ ಚೆನ್ನೈಗೆ ವಿಮಾನ ಇದೆ, 2025ರಿಂದ ತಿರುಚ್ಚಿಗೂ ಶುರುವಾಗಿದೆ. ನಮಗೆ ತಿರುಚ್ಚಿಯೇ ಒಳ್ಳೆಯದು, ಏಕೆಂದರೆ ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ನಾಗಪಟ್ಟಣಂಗೆ ಹೋಗಿ ಬೈಕ್ ತಗೊಳ್ಳಬಹುದು. ಕೊಲಂಬೊದಿಂದ ನೇರ ಬೆಂಗಳೂರಿಗೆ ಹಾರಿದರೆ ಬೈಕ್ ತರಲು ಮತ್ತೊಂದು ವಾರಾಂತ್ಯ ಹೋಗುತ್ತದೆ.

ಇನ್ನೊಂದು ದಿನಾಂಕ ನೋಡಿಕೊಳ್ಳಿ. ವೇಲಾಂಕಣಿ ಹಬ್ಬ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ. ನಮ್ಮ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ಜಾತ್ರೆ ನಡೆಯುವುದೂ ಅದೇ ದಿನಗಳಲ್ಲಿ. ನಾಗಪಟ್ಟಣಂನಿಂದ ವೇಲಾಂಕಣಿಗೆ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಆ ದಿನಗಳಲ್ಲಿ ಎರಡೂ ಊರಲ್ಲಿ ರೂಮು ಸಿಗುವುದು ಕಷ್ಟ. ರಸ್ತೆಯುದ್ದಕ್ಕೂ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರೂ ಇರುತ್ತಾರೆ.

ಹಂತ 2: ನಾಗಪಟ್ಟಣಂನಲ್ಲಿ ಬೈಕ್ ಬಿಡುವ ಕ್ರಮ

ಬೈಕ್ ಎಲ್ಲಿ ಬಿಡುತ್ತೀರೋ ಅಲ್ಲೇ ವಾಪಸ್ ಬಂದ ರಾತ್ರಿಗೂ ರೂಮು ಮಾಡಿ. ಮೇಲೆ ಸೂರು, ಸುತ್ತ ಕಾಂಪೌಂಡ್ ಇರುವ ಲಾಡ್ಜ್ ಹುಡುಕಿ. ನಾಗಪಟ್ಟಣಂನಲ್ಲಿ ಸಿಗದಿದ್ದರೆ ವೇಲಾಂಕಣಿಯಲ್ಲಿ ಯಾತ್ರಿಕರಿಗೆಂದೇ ಕಟ್ಟಿದ ಲಾಡ್ಜ್‌ಗಳು ಬೇಕಾದಷ್ಟಿವೆ. ಎಷ್ಟು ಬೈಕ್, ಎಷ್ಟು ದಿನ, ಎಷ್ಟು ಹಣ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬೈಕ್ ನಂಬರ್‌ಗಳೂ ಅದರಲ್ಲಿರಲಿ.

ನಿಲ್ಲಿಸುವಾಗ ನೆಲ ನೋಡಿ. ಅಲ್ಲಿನ ಅಂಗಳ ಮರಳು ನೆಲ. ಸೈಡ್ ಸ್ಟ್ಯಾಂಡ್ ಮೊದಲ ದಿನ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಒಂದು ಮಳೆ ಬಿದ್ದರೆ ಕಾಲು ಮೆಲ್ಲಗೆ ಒಳಗೆ ಇಳಿಯುತ್ತದೆ, ಬೈಕ್ ವಾಲುತ್ತದೆ. ಸಾಲಾಗಿ ನಿಲ್ಲಿಸಿದ್ದರೆ ಒಂದು ಬಿದ್ದಾಗ ಎಲ್ಲವೂ ಒಂದರ ಮೇಲೊಂದು. ಸೆಂಟರ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೋ ಹಲಗೆಯೋ ಇಡಿ, ಬೈಕುಗಳ ನಡುವೆ ಒಂದು ಮಾರು ಜಾಗ ಬಿಡಿ.

ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಜಿಪಿಎಸ್ ಟ್ರ್ಯಾಕರ್, ಅಲಾರಂ, ಮೊಬೈಲ್ ಚಾರ್ಜರ್ ಇವೆಲ್ಲ ಬೈಕ್ ಆಫ್ ಆಗಿದ್ದರೂ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಹತ್ತು ದಿನದಲ್ಲಿ ಹಳೆ ಬ್ಯಾಟರಿ ಸತ್ತೇ ಹೋಗುತ್ತದೆ. ಹಳೆಯ ಕಾರ್ಬುರೇಟರ್ ಬೈಕಾದರೆ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆವು. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ತಿರುಗುವುದಕ್ಕೇ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಅಷ್ಟೇ.

ಟ್ಯಾಂಕ್ ತುಂಬಿಸಿಡಿ, ಒಳಗೆ ತೇವ ಕಟ್ಟುವುದಿಲ್ಲ. ಚೈನಿಗೆ ಲೂಬ್ ಧಾರಾಳವಾಗಿ ಹಾಕಿ. ಚೈನ್ ಸ್ಪ್ರೇ, ಕ್ಲೀನರ್, ಆಯಿಲ್, ಕ್ಯಾಂಪಿಂಗ್ ಗ್ಯಾಸ್ ಡಬ್ಬಿ ಇವನ್ನೆಲ್ಲ ಬೈಕಿನ ಜೊತೆಗೇ ಬಿಡಿ, ಬೆಂಕಿ ಹತ್ತುವ ವಸ್ತುಗಳನ್ನು ಹಡಗಿಗೆ ಬಿಡುವುದಿಲ್ಲ. ಪ್ರತಿ ಬೈಕಿನ ಎರಡನೇ ಕೀ ತಂಡದ ಬೇರೊಬ್ಬರ ಹತ್ತಿರ ಇರಲಿ. ವಿಮೆ ಮತ್ತು ಹೊಗೆ ತಪಾಸಣೆ ಚೀಟಿ ನೀವು ಅಲ್ಲಿರುವಾಗಲೇ ಮುಗಿದುಹೋಗುವುದಿಲ್ಲವಲ್ಲ, ನೋಡಿಕೊಳ್ಳಿ.

ಒಂದು ಮಾತು ಬಂದರಿನ ಬಗ್ಗೆ. ದುಬಾರಿ ಕ್ಯಾಮೆರಾ, ಲೆನ್ಸ್, ಲ್ಯಾಪ್‌ಟಾಪ್ ಒಯ್ಯುತ್ತಿದ್ದರೆ ಹೋಗುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇದು "ಈ ವಸ್ತು ಇಲ್ಲಿಂದಲೇ ಹೋಗಿದ್ದು" ಎಂದು ಸೀರಿಯಲ್ ನಂಬರ್ ಸಮೇತ ಬರೆದುಕೊಡುವ ಚೀಟಿ. ಇದಿದ್ದರೆ ವಾಪಸ್ ಬರುವಾಗ "ಹೊಸದಾಗಿ ತಂದಿರಾ?" ಅನ್ನುವ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.

ಹಂತ 3: ಬಾಡಿಗೆ ಬೈಕ್, ಲೈಸೆನ್ಸ್, ಪಾಸ್‌ಪೋರ್ಟ್

ಶ್ರೀಲಂಕಾದಲ್ಲೂ ನಮ್ಮ ಹಾಗೆ ಎಡಕ್ಕೇ ಓಡಿಸುವುದು. ಬಜಾಜ್, ಟಿವಿಎಸ್, ಹೀರೊ ಬೈಕುಗಳು ಎಲ್ಲೆಲ್ಲೂ ಕಾಣುತ್ತವೆ. ಹಾಗಾಗಿ ಇಲ್ಲಿನ ಲೈಸೆನ್ಸೇ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಬೇಕು. ಇದನ್ನು ನಿಮ್ಮ ವ್ಯಾಪ್ತಿಯ ಆರ್‌ಟಿಒದಲ್ಲಿ ಸಾರಥಿ ಪೋರ್ಟಲ್ ಮೂಲಕ ಮಾಡಿಸಬೇಕು. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದರ ಮೇಲೆ ಕೊಲಂಬೊದ ಆಟೋಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್ ಕೊಡುವ ಮಾನ್ಯತೆಯೂ ಬೇಕಾಗುತ್ತದೆ. ಜಾಫ್ನಾದಲ್ಲಿ ಇಳಿಯುವವರಿಗೆ ಕೊಲಂಬೊ ಸುಮಾರು 400 ಕಿಲೋಮೀಟರ್ ದೂರ. ಆದ್ದರಿಂದ ಬೈಕ್ ಕೊಡುವವರ ಹತ್ತಿರ ಮೊದಲೇ ಮಾತಾಡಿ, ನಿಮ್ಮ ಕಾಗದದ ಪ್ರತಿ ಕಳಿಸಿ ಇದನ್ನು ಮಾಡಿಸಿಡಿ. ಲೈಸೆನ್ಸ್ ಸರಿಯಿಲ್ಲದೆ ಬಿದ್ದು ಕೈಕಾಲು ಮುರಿದರೆ ಪ್ರವಾಸ ವಿಮೆಯವರು ಹಣ ಕೊಡುವುದಿಲ್ಲ. ವಿಮೆ ಮಾಡಿಸುವಾಗ ಬೈಕ್ ಓಡಿಸುವುದಕ್ಕೆ ಅದು ಅನ್ವಯಿಸುತ್ತದಾ, ಎಷ್ಟು ಸಿಸಿವರೆಗೆ ಅನ್ನುವುದನ್ನೂ ಓದಿಕೊಳ್ಳಿ.

ಈಗ ಮುಖ್ಯವಾದ ಎಚ್ಚರಿಕೆ. ಪಾಸ್‌ಪೋರ್ಟನ್ನು ಡಿಪಾಸಿಟ್ ಆಗಿ ಯಾರಿಗೂ ಕೊಡಬೇಡಿ. ಕೇಳುವವರಿದ್ದಾರೆ. ಪ್ರತಿ ಕೊಡಿ, ನಗದು ಡಿಪಾಸಿಟ್ ಕೊಡಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ನಮ್ಮ ತಂಡದ ಗೆಳೆಯನೊಬ್ಬ ಪಾಸ್‌ಪೋರ್ಟ್ ಕೊಟ್ಟಿದ್ದ. ವಾಪಸ್ ಕೊಡಲು ಹೋದ ದಿನ ಪೋಯಾ, ಅಂದರೆ ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ. ಅಂಗಡಿಗೆ ಬೀಗ, ಮಾಲೀಕರು ಊರಲ್ಲಿಲ್ಲ. ಮರುದಿನ ಹಡಗಿಗೆ ಎರಡು ಗಂಟೆ ಇರುವಾಗ ಪಾಸ್‌ಪೋರ್ಟ್ ಕೈಗೆ ಬಂತು. ಆ ರಾತ್ರಿ ನಮ್ಮಲ್ಲಿ ಯಾರೂ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ. ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿಕೊಂಡೇ ದಿನ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ಕಳೆದೇ ಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಜಾಫ್ನಾದಲ್ಲೇ ಇರುವ ಭಾರತದ ಕಾನ್ಸುಲೇಟ್. ಅಲ್ಲಿ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಊರಿಗೆ ವಾಪಸ್ ಬರುವುದಕ್ಕೆ ಮಾತ್ರ ನಡೆಯುವ ಒಂದು ಸಲದ ದಾಖಲೆ. ಅಪಘಾತವಾದರೆ ಆಂಬುಲೆನ್ಸಿಗೆ 1990, ಪೊಲೀಸರಿಗೆ 119. ಎರಡನ್ನೂ ಎಲ್ಲರ ಫೋನಿನಲ್ಲೂ ಈಗಲೇ ಸೇವ್ ಮಾಡಿಸಿ.

ಟ್ರಾಫಿಕ್ ದಂಡದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿ ಪೊಲೀಸರು ತಪ್ಪು ಕಂಡರೆ ಲೈಸೆನ್ಸ್ ಇಟ್ಟುಕೊಂಡು ಒಂದು ದಂಡದ ಚೀಟಿ ಕೊಡುವುದು ರೂಢಿ. ಅಂಚೆ ಕಚೇರಿಯಲ್ಲಿ ದಂಡ ಕಟ್ಟಿ, ರಸೀದಿ ತಂದು, ಅದೇ ಪೊಲೀಸ್ ಠಾಣೆಯಲ್ಲಿ ಲೈಸೆನ್ಸ್ ಬಿಡಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕಟ್ಟುವ ವ್ಯವಸ್ಥೆ ಈಚೆಗೆ ಬರುತ್ತಿದೆ. ಆದರೂ ಕೊನೆಯ ಎರಡು ದಿನದಲ್ಲಿ ಸಿಕ್ಕಿಬಿದ್ದರೆ, ಅದೂ ಭಾನುವಾರವಾದರೆ, ಫೆರ್ರಿ ತಪ್ಪಬಹುದು. ಲೈಸೆನ್ಸ್ ಇಲ್ಲದೆ ನಾಗಪಟ್ಟಣಂನಿಂದ ಬೆಂಗಳೂರಿಗೆ ಓಡಿಸುವ ಹಾಗೂ ಇಲ್ಲ, ಅಲ್ವಾ? ಕೊನೆಯ ದಿನಗಳಲ್ಲಿ ನಿಧಾನ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಹತ್ತಿಸಲೇಬೇಡಿ, ಅಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ.

ಹಂತ 4: ಹಡಗಿನ ಹಿಂದಿನ ದಿನ ಜಾಫ್ನಾದಲ್ಲಿರಿ

ಕ್ಯಾಂಡಿಯಿಂದ ಜಾಫ್ನಾಗೆ ಎ9 ಹೆದ್ದಾರಿಯಲ್ಲಿ 320 ಕಿಲೋಮೀಟರ್ ಹತ್ತಿರ. ನಕ್ಷೆಯಲ್ಲಿ ಅರ್ಧ ದಿನದ ದಾರಿ ಹಾಗೆ ಕಾಣುತ್ತದೆ. ಊರುಗಳು, ಬಸ್ಸುಗಳು, ಚಹಾ ನಿಲುಗಡೆ ಎಲ್ಲ ಸೇರಿ ತಂಡಕ್ಕೆ ಇಡೀ ದಿನ ಬೇಕು. ಮಧ್ಯದ ಕಾಡು ಪ್ರದೇಶದಲ್ಲಿ ಸಂಜೆಯಾದರೆ ಆನೆಗಳು ರಸ್ತೆಗೆ ಬರುತ್ತವೆ. ಬಂಡೀಪುರದ ರಸ್ತೆಯಲ್ಲಿ ಹೇಗಿರುತ್ತೀರೋ ಹಾಗೇ ಇರಿ, ಬೆಳಕಿರುವಾಗಲೇ ದಾಟಿ.

ಜಾಫ್ನಾಗೆ ಬಂದ ಕೂಡಲೇ ಬೈಕ್ ಕೊಟ್ಟುಬಿಡಿ. ಹಡಗಿನ ದಿನ ಬೆಳಿಗ್ಗೆ ಕೊಡುತ್ತೇವೆ ಅನ್ನಬೇಡಿ. ಟ್ಯಾಂಕ್ ಮೊದಲಿದ್ದಷ್ಟೇ ತುಂಬಿಸಿ (ಪೆಟ್ರೋಲ್ ಬಂಕನ್ನು ಅಲ್ಲಿ 'ಶೆಡ್' ಅನ್ನುತ್ತಾರೆ, ದಾರಿ ಕೇಳುವಾಗ ನೆನಪಿರಲಿ). ಬೈಕ್ ತಗೊಂಡಾಗ ಮಾಡಿದ ವಿಡಿಯೊ ತೆರೆದಿಟ್ಟುಕೊಂಡು ಗೀರು, ಕನ್ನಡಿ, ಇಂಡಿಕೇಟರ್ ಒಂದೊಂದಾಗಿ ಇಬ್ಬರೂ ನೋಡಿ. ಡಿಪಾಸಿಟ್ ಕೈಗೆ ಬಂದ ಮೇಲೆ "ಬೈಕ್ ಸರಿಯಾಗಿ ವಾಪಸ್ ಬಂದಿದೆ" ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ತಂಡದಲ್ಲಿ ಆರು ಬೈಕ್ ಇದ್ದರೆ ಆರಕ್ಕೂ ಬೇರೆ ಬೇರೆ ಚೀಟಿ.

ಶ್ರೀಲಂಕಾ ರೂಪಾಯಿಯನ್ನು ಅಲ್ಲೇ ಬದಲಿಸಿ. ಇಲ್ಲಿ ತಂದರೆ ತಗೊಳ್ಳುವವರನ್ನು ಹುಡುಕುವುದೇ ಕೆಲಸವಾಗುತ್ತದೆ. ಮರುದಿನದ ಆಟೋ ಬಾಡಿಗೆ, ಬಂದರಿನಲ್ಲಿ ನೀರು, ತಿಂಡಿಗೆ ಬೇಕಾದಷ್ಟು ಮಾತ್ರ ಉಳಿಸಿಕೊಳ್ಳಿ.

ಹಂತ 5: ಬ್ಯಾಗ್ ಕಟ್ಟುವುದು

ಉಚಿತವಾಗಿ ಎಷ್ಟು ಕೆಜಿ ಅನ್ನುವುದು ಟಿಕೆಟ್ಟಿನಲ್ಲಿ ಇರುತ್ತದೆ. ವಿಮಾನದ ಲೆಕ್ಕ ಇಲ್ಲಿ ಹಿಡಿಯಬೇಡಿ. ಬೈಕಿನವರ ತೂಕವೆಲ್ಲ ಹೆಲ್ಮೆಟ್, ಜಾಕೆಟ್, ಬೂಟು, ಮೊಣಕಾಲು ಗಾರ್ಡಿನಲ್ಲೇ ಹೋಗುತ್ತದೆ. ಬೂಟು, ಜಾಕೆಟ್ ಮೈಮೇಲೇ ಇರಲಿ. ಸೆಕೆ ಆದರೂ ಬ್ಯಾಗ್ ಹಗುರಾಗುತ್ತದೆ.

ಏನು ತರಬಹುದು ಅಂದರೆ ಚಹಾ, ದಾಲ್ಚಿನ್ನಿ, ಜಾಫ್ನಾದ ತಾಳೆಬೆಲ್ಲ ಮನೆ ಮಟ್ಟಿಗೆ ತರಲು ತೊಂದರೆಯಿಲ್ಲ. ಗಿಡ, ಬೀಜ, ಮಣ್ಣು ಹತ್ತಿದ ಬೇರು ಬೇಡ. ಮದ್ಯಕ್ಕೆ ಕಸ್ಟಮ್ಸ್‌ನ ಮಿತಿ 2 ಲೀಟರ್ ಇದ್ದರೂ, ಆಮೇಲೆ ಎರಡು ರಾಜ್ಯಗಳ ಅಬಕಾರಿ ನಿಯಮ ದಾಟಬೇಕು. ಸುಮ್ನೆ ತರದಿರುವುದೇ ವಾಸಿ.

ಮೂರು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಿ. ಮೊದಲನೆಯದು ಸ್ಯಾಟಲೈಟ್ ಸಾಧನ. ದೂರದ ಪ್ರವಾಸ ಮಾಡುವ ಬೈಕಿನವರು ಗಾರ್ಮಿನ್ ಇನ್‌ರೀಚ್ ಥರದ್ದು ಇಟ್ಟುಕೊಳ್ಳುವುದುಂಟು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇಂಥ ಸಾಧನವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಪೊಲೀಸ್ ಕೇಸೇ ಆಗುತ್ತದೆ. ಎರಡನೆಯದು ಡ್ರೋನ್. ಹೊರದೇಶದಲ್ಲಿ ಕೊಂಡ ಡ್ರೋನನ್ನು ಒಳಗೆ ತರುವುದಕ್ಕೆ 2022ರಿಂದ ನಿಷೇಧ ಇದೆ. ಮೂರನೆಯದು ಬೇರೆಯವರ ಪೊಟ್ಟಣ. ಬಂದರಿನಲ್ಲಿ ಯಾರಾದರೂ "ಇದನ್ನು ಆ ಕಡೆ ನಮ್ಮವರಿಗೆ ಕೊಟ್ಟುಬಿಡಿ ಅಣ್ಣ" ಅಂದರೆ, ವಯಸ್ಸಾದವರೇ ಕೇಳಿದರೂ, ಕೈಮುಗಿದು ಇಲ್ಲ ಅನ್ನಿ. ಈ ಕಡಲ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹಿಡಿದ ಸುದ್ದಿ ಆಗಾಗ ಬರುತ್ತದೆ. ತಪಾಸಣೆ ಬಿಗಿಯಾಗೇ ಇರುತ್ತದೆ. ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದು ನಿಮ್ಮದೇ.

ಹಂತ 6: ಬಂದರು ಮತ್ತು ಕಡಲು

ಜಾಫ್ನಾ ಪೇಟೆಯಿಂದ ಕಾಂಗೇಶನ್‌ತುರೈ 20 ಕಿಲೋಮೀಟರ್ ಒಳಗೆ. ಅಲ್ಲಿನವರು ಕೆಕೆಎಸ್ ಅನ್ನುತ್ತಾರೆ. ಆಟೋಗೆ ಹಿಂದಿನ ರಾತ್ರಿಯೇ ಹೇಳಿಡಿ. ಟಿಕೆಟ್ಟಿನಲ್ಲಿ ಬರೆದ ಹಾಜರಾಗುವ ವೇಳೆಗಿಂತ (ಹಡಗು ಹೊರಡುವ ವೇಳೆಯಲ್ಲ) ಅರ್ಧ ಗಂಟೆ ಮುಂಚೆ ಬಂದರಿನಲ್ಲಿರಿ. ಗಡಿಯಾರ ಬದಲಿಸುವುದೇನಿಲ್ಲ, ಎರಡೂ ದೇಶಕ್ಕೆ ಒಂದೇ ಸಮಯ.

ಹಡಗು 150 ಜನ ಕೂರುವಂಥದ್ದು. ಅಲೆ ಇದ್ದ ದಿನ ಚೆನ್ನಾಗಿಯೇ ತೂಗುತ್ತದೆ. ಮಧ್ಯಭಾಗದಲ್ಲಿ ಸೀಟು ಹಿಡಿಯಿರಿ, ಅಲ್ಲಿ ಕುಲುಕಾಟ ಕಡಿಮೆ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಪೂರ್ತಿ ತುಂಬಿದ್ದೂ ಬೇಡ. ಎರಡು ಇಡ್ಲಿ ಸಾಕು. ಫೋನ್ ನೋಡಬೇಡಿ, ಕಿಟಕಿಯಾಚೆ ಕಡಲು ಆಕಾಶ ಸೇರುವ ಗೆರೆ ನೋಡಿ. ವಾಂತಿ ಆಗುವವರು ವೈದ್ಯರನ್ನು ಕೇಳಿ ಅವೊಮಿನ್ ಥರದ ಮಾತ್ರೆ ಇಟ್ಟುಕೊಳ್ಳಿ. ಹಡಗು ಹೊರಡುವ ಮೊದಲೇ ತಗೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ತಗೊಂಡರೆ ಅದೂ ಹೊರಗೆ ಬರುತ್ತದೆ. ಈ ಮಾತ್ರೆಗೆ ನಿದ್ದೆ ಬರುತ್ತದೆ. ಮುಂದಿನ ಹಂತ ಇದರ ಮೇಲೇ ನಿಂತಿದೆ.

ಮೈ ಸರಿಯಿದ್ದವರು ಪ್ರವಾಸದ ಲೆಕ್ಕವನ್ನು ಇಲ್ಲೇ ಮುಗಿಸಿ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಬೆಂಗಳೂರಿಗೆ ಬಂದ ಮೇಲೆ ವಾರಗಟ್ಟಲೆ ಎಳೆಯುತ್ತದೆ.

ಹಂತ 7: ಇಳಿದ ಸಂಜೆ ಬೈಕ್ ಮುಟ್ಟಬೇಡಿ

ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಬಂದರಿನ ಗೇಟು ದಾಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಗ ತಂಡದಲ್ಲಿ ಒಬ್ಬರಾದರೂ "ತಂಜಾವೂರಿಗಾದರೂ ಹೋಗಿಬಿಡೋಣ, 80-90 ಕಿಲೋಮೀಟರ್ ತಾನೇ" ಅನ್ನುತ್ತಾರೆ. ಒಪ್ಪಬೇಡಿ.

ನಾಲ್ಕು ಗಂಟೆ ತೂಗಾಡಿದ ಮೇಲೆ ನಿಂತ ನೆಲವೂ ತೂಗಿದ ಹಾಗೆ ಇರುತ್ತದೆ. ಕಸ್ಟಮ್ಸ್ ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ, ಗೊತ್ತಾಗುತ್ತದೆ. ಬೈಕಿಗೆ ಬೇಕಾಗುವುದೇ ತೂಕ ಹಿಡಿಯುವ ಅಂದಾಜು, ಅದೇ ಆಗ ಸರಿ ಇರುವುದಿಲ್ಲ. ಮಾತ್ರೆ ತಗೊಂಡವರಿಗೆ ಮಂಪರು ರಾತ್ರಿವರೆಗೂ ಇಳಿಯುವುದಿಲ್ಲ. ಅವರು "ನಾನು ಸರಿ ಇದ್ದೀನಿ" ಅಂತಲೇ ಹೇಳುತ್ತಾರೆ. ಹತ್ತು ದಿನ ಮುಟ್ಟದ ಬೈಕ್ ಬೇರೆ. ತಿರುವಾರೂರು ಕಡೆಯ ರಸ್ತೆ ಗದ್ದೆಗಳ ನಡುವೆ ಸಾಗುವ ಕಿರಿದಾದ ರಸ್ತೆ. ಇದು ನಮ್ಮ ಕಾವೇರಿ ಕಡಲು ಸೇರುವ ಬಯಲು. ಕೊಯ್ಲಿನ ಕಾಲದಲ್ಲಿ, ಅದರಲ್ಲೂ ಫೆಬ್ರವರಿ ಸುತ್ತಮುತ್ತ, ರೈತರು ಭತ್ತವನ್ನು ರಸ್ತೆಯ ಒಂದು ಬದಿಗೇ ಹರಡಿ ಒಣಗಿಸುತ್ತಾರೆ. ಹಗಲಲ್ಲಿ ಚಿನ್ನದ ಬಣ್ಣಕ್ಕೆ ಕಾಣುತ್ತದೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ರಾತ್ರಿ ಹೆಡ್‌ಲೈಟಿನಲ್ಲಿ ಅದು ಬರೀ ಮಣ್ಣಿನ ಹಾಗೆ ಕಾಣುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಟೈರು ಗೋಲಿಗಳ ಮೇಲೆ ನಿಂತ ಹಾಗೆ ಜಾರುತ್ತದೆ.

ರೂಮಿಗೆ ಹೋಗಿ ಸ್ನಾನ ಮಾಡಿ, ಊಟ ಮಾಡಿ, ಮನೆಗೆ ಫೋನ್ ಮಾಡಿ ಮಲಗಿ. ಮನೆಯವರಿಗೂ ಮೊದಲೇ "ನಾಳೆ ರಾತ್ರಿ ಬರುತ್ತೇವೆ" ಅಂತಲೇ ಹೇಳಿಡಿ. ಅವರು ಕಾಯುತ್ತಿದ್ದಾರೆ ಅನ್ನುವ ಒತ್ತಡವೇ ಎಷ್ಟೋ ಸಲ ರಾತ್ರಿ ಓಡಿಸುವ ಹಾಗೆ ಮಾಡುತ್ತದೆ.

ಹಂತ 8: ಬೆಳಿಗ್ಗೆ ಬೈಕ್ ಎಬ್ಬಿಸುವುದು

ಆರು ಗಂಟೆಗೆ ಹೊರಡಬೇಕಾದರೆ ಐದಕ್ಕೆ ಅಂಗಳಕ್ಕೆ ಬನ್ನಿ. ಕವರ್ ತೆಗೆದಾಗ ಕನ್ನಡಿ ಮೇಲೆ ಬೆರಳಾಡಿಸಿ. ಉಪ್ಪಿನ ಪುಡಿ ಅಂಟುತ್ತದೆ. ಅದೇ ಉಪ್ಪು ಚೈನ್ ಮೇಲೆ, ಬ್ರೇಕ್ ಡಿಸ್ಕ್ ಮೇಲೆ ಕೂತು ಬೆಲ್ಲದ ಬಣ್ಣದ ತುಕ್ಕು ಹಿಡಿಸಿರುತ್ತದೆ.

1. ಒದ್ದೆ ಬಟ್ಟೆಯಿಂದ ಕನ್ನಡಿ, ಲೈಟು, ನಂಬರ್ ಪ್ಲೇಟ್ ಒರೆಸಿ.
2. ಬ್ಯಾಟರಿ ವೈರ್ ಜೋಡಿಸಿ, ಗಟ್ಟಿಯಾಗಿ ತಿರುಗಿಸಿ. ಸಡಿಲ ಬಿಟ್ಟರೆ ದಾರಿ ಮಧ್ಯೆ ಬೈಕ್ ಆಫ್ ಆಗುತ್ತದೆ.
3. ಸ್ಟಾರ್ಟರ್ ಗುಂಡಿಯನ್ನು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ. ಬಿಟ್ಟು ಬಿಟ್ಟು ಒತ್ತಿ. ಹತ್ತದಿದ್ದರೆ ತಂಡದ ಬೇರೆ ಬೈಕಿನಿಂದ ಜಂಪ್ ಕೇಬಲ್ ಹಾಕಿ.
4. ಚೈನ್ ಒರೆಸಿ ಲೂಬ್ ಹಾಕಿ, ಚಕ್ರ ಕೈಯಲ್ಲಿ ತಿರುಗಿಸಿ ಎಲ್ಲಾದರೂ ಬಿಗಿಯಾಗಿದೆಯಾ ನೋಡಿ.
5. ಗಾಳಿ ನೋಡಿಸಿ. ನಿಂತಲ್ಲೇ ಒಂದಷ್ಟು ಇಳಿದಿರುತ್ತದೆ. ವಾಪಸ್ ಬರುವಾಗ ಬ್ಯಾಗಿನ ತೂಕವೂ ಜಾಸ್ತಿ.
6. ಮೊದಲ ಅರ್ಧ ಕಿಲೋಮೀಟರ್ ಖಾಲಿ ಬೀದಿಯಲ್ಲಿ ನಿಧಾನಕ್ಕೆ ಹೋಗುತ್ತ ಬ್ರೇಕ್ ಹಿಡಿದು ಹಿಡಿದು ಬಿಡಿ. ಮೊದಲು ಕಿರುಚುತ್ತದೆ, ತುಕ್ಕು ಸವೆದ ಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೆ ಊರು ಬಿಡುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.

ಹಂತ 9: ಬೆಂಗಳೂರಿನ ದಾರಿ

ತಿರುವಾರೂರು, ತಂಜಾವೂರು, ತಿರುಚ್ಚಿ, ನಾಮಕ್ಕಲ್, ಸೇಲಂ, ಧರ್ಮಪುರಿ, ಕೃಷ್ಣಗಿರಿ, ಹೊಸೂರು. ಒಟ್ಟು 450ರಿಂದ 500 ಕಿಲೋಮೀಟರ್. ತಂಡಕ್ಕೆ ನಿಲುಗಡೆ ಸೇರಿ ಹತ್ತು ಹನ್ನೊಂದು ಗಂಟೆ ಇಟ್ಟುಕೊಳ್ಳಿ. ಬೈಕಿಗೆ ರಾಷ್ಟ್ರೀಯ ಹೆದ್ದಾರಿ ಟೋಲ್ ಇಲ್ಲ.

ಮುಂದೆ ಹೋಗುವ 'ಲೀಡ್' ಮತ್ತು ಕೊನೆಯಲ್ಲಿ ಬರುವ 'ಸ್ವೀಪ್' ಇಬ್ಬರೂ ಅನುಭವ ಇರುವವರಾಗಿರಲಿ. ಸ್ವೀಪ್ ಅಂದರೆ ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುವವರು. ವಾಪಸ್ ದಿನ ವೇಗವನ್ನು ಲೀಡ್ ಅಲ್ಲ, ತಂಡದಲ್ಲಿ ಹೆಚ್ಚು ದಣಿದವರು ನಿರ್ಧರಿಸಲಿ. 80 ಕಿಲೋಮೀಟರ್‌ಗೆ ಒಮ್ಮೆ ಇಳಿದು ನೀರು ಕುಡಿಯಿರಿ. ಮಧ್ಯಾಹ್ನದ ಊಟ ಆದ ಮೇಲೆ ಇಪ್ಪತ್ತು ನಿಮಿಷ ಮರದ ನೆರಳಲ್ಲಿ ಒರಗಿದರೂ ತಪ್ಪಿಲ್ಲ.

ಸೇಲಂ ದಾಟಿದ ಮೇಲೆ ತೊಪ್ಪೂರು ಘಾಟಿ ಬರುತ್ತದೆ. ಅಪಘಾತಕ್ಕೆ ಹೆಸರಾದ ಜಾಗ. ನಮಗೆ ಏರು ದಾರಿ, ಲಾರಿಗಳು ತೆವಳುತ್ತಿರುತ್ತವೆ. ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಇದ್ದಕ್ಕಿದ್ದಂತೆ ಬಲಕ್ಕೆ ಬರುತ್ತದೆ. ಎರಡು ಲಾರಿ ನಡುವಿನ ಸಂದಿಗೆ ನುಗ್ಗಬೇಡಿ. ಬೆಳಕಿರುವಾಗಲೇ ಇದನ್ನು ದಾಟುವ ಹಾಗೆ ಹೊರಟಿರಬೇಕು.

ಭಾನುವಾರ ಸಂಜೆ ವಾಪಸ್ ಬರುವುದನ್ನು ಆದಷ್ಟು ತಪ್ಪಿಸಿ. ಅತ್ತಿಬೆಲೆಯಿಂದ ಸಿಲ್ಕ್ ಬೋರ್ಡ್‌ವರೆಗೆ ಊರಿಂದ ಬರುವ ಎಲ್ಲ ಕಾರೂ ಅಲ್ಲೇ ಇರುತ್ತವೆ. 450 ಕಿಲೋಮೀಟರ್ ಓಡಿಸಿದ ಕೈಗೆ ಆ ಕೊನೆಯ ಗಂಟೆಯ ಕ್ಲಚ್ಚೇ ಭಾರ. ಹೊಸೂರಿನಲ್ಲಿ ಎಲ್ಲರೂ ನಿಂತು ಒಂದು ಕಾಫಿ ಕುಡಿದು ಅಲ್ಲೇ ಬೀಳ್ಕೊಡಿ. ನಗರದೊಳಗೆ ಗುಂಪಾಗಿ ಹೋಗಬೇಡಿ, ಒಬ್ಬರನ್ನೊಬ್ಬರು ಹಿಂಬಾಲಿಸಲು ಹೋಗಿ ಸಿಗ್ನಲ್ ಹಾರಿಸುತ್ತೇವೆ. ಮನೆ ತಲುಪಿದ ಪ್ರತಿಯೊಬ್ಬರೂ ವಾಟ್ಸಾಪ್ ಗುಂಪಿನಲ್ಲಿ "ತಲುಪಿದೆ" ಎಂದು ಹಾಕಲಿ. ಕೊನೆಯವರು ಹಾಕುವ ತನಕ ಸ್ವೀಪ್ ಆಗಿದ್ದವರು ಮಲಗಬಾರದು, ನಮ್ಮ ತಂಡದಲ್ಲಿ ಇದು ಕಟ್ಟುನಿಟ್ಟು.

ಎರಡು ದಿನದೊಳಗೆ ಬೈಕ್ ತೊಳೆಸಿ. ಮೇಲೆ ನೀರು ಹೊಡೆದರೆ ಸಾಲದು, ಮಡ್‌ಗಾರ್ಡ್ ಒಳಗೆ, ಸೈಲೆನ್ಸರ್ ಕೆಳಗೆ, ಚಕ್ರದ ಕಡ್ಡಿಗಳ ಬುಡದಲ್ಲಿ ಸಿಹಿನೀರು ಚೆನ್ನಾಗಿ ಹರಿಯಬೇಕು. ಬ್ಯಾಟರಿ ಟರ್ಮಿನಲ್‌ಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಉಪ್ಪು ಉಳಿದರೆ ತುಕ್ಕು ಮುಂದಿನ ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತದೆ.